ಕರಗಿತು ಅಂದರೆ ಏನಾಯಿತು? ಮಲೆನಾಡಿನ ಒಂದು ತರಗತಿಯ ಪ್ರಕರಣ

ಹಿನ್ನೆಲೆ

ಶಾಲೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ. ಅಷ್ಟು ಹೇಳಿದರೆ ಸಾಕು. ಸುತ್ತ ಅಡಿಕೆ ತೋಟ, ಗದ್ದೆ, ಅದರಾಚೆ ಗುಡ್ಡ. ಆರು ಮತ್ತು ಏಳನೇ ತರಗತಿ ಸೇರಿ 21 ಮಕ್ಕಳು. ವಿಜ್ಞಾನಕ್ಕೆ ನಾನೊಬ್ಬಳೇ. ಹಾಗಾಗಿ ಎರಡೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡುತ್ತೇನೆ. ಪ್ರಯೋಗಾಲಯ ಅಂತ ಬೇರೆ ಇಲ್ಲ. ಒಂದು ಕಪಾಟು, ಅದರಲ್ಲಿ ಎರಡು ಬೀಕರ್, ಒಂದು ಥರ್ಮಾಮೀಟರ್, ಒಂದಿಷ್ಟು ಗಾಜಿನ ಬಾಟಲಿ. ಪಕ್ಕದಲ್ಲಿ ಬಿಸಿಯೂಟದ ಅಡುಗೆಮನೆ. ಈ ಕಥೆಯಲ್ಲಿ ಪ್ರಯೋಗಾಲಯದ ಕೆಲಸ ಮಾಡಿದ್ದು ಆ ಅಡುಗೆಮನೆಯೇ.

ಮಕ್ಕಳ ಗುರುತು ಸಿಗಬಾರದು ಅಂತ ಹೆಸರುಗಳನ್ನು ಬಿಟ್ಟಿದ್ದೇನೆ. ಇಬ್ಬರು ಮಾತ್ರ ಮತ್ತೆ ಮತ್ತೆ ಬರುತ್ತಾರೆ. ಒಬ್ಬ ಕೊನೆಗಾರರ (ಅಡಿಕೆ ಮರ ಹತ್ತಿ ಗೊನೆ ಇಳಿಸುವವರ) ಮಗ, ಏಳನೇ ತರಗತಿ, ಮಾತು ಕಡಿಮೆ. ಇನ್ನೊಬ್ಬಳು ಆರನೇ ತರಗತಿಯ ಹುಡುಗಿ. ಯಾವುದನ್ನೂ ಸುಮ್ನೆ ಒಪ್ಪಿಕೊಳ್ಳುವವಳಲ್ಲ.

ಪಾಠ ದ್ರವ್ಯದ್ದು. ಘನ, ದ್ರವ, ಅನಿಲ, ಮಿಶ್ರಣ, ಸಂಯುಕ್ತ. ಹತ್ತು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಸುಲಭದ ಪಾಠ ಅಂದುಕೊಂಡಿದ್ದೆ.

ಎಡವಿದ್ದು ಎಲ್ಲಿ

ಜೂನ್ ಕೊನೆಯ ವಾರ ಎರಡು ಪ್ರಶ್ನೆ ಕೊಟ್ಟು ಒಂದು ಹಾಳೆಯಲ್ಲಿ ಬರೆಯಲು ಹೇಳಿದೆ. ಮಂಜುಗಡ್ಡೆಯನ್ನು ತಟ್ಟೆಯಲ್ಲಿಟ್ಟರೆ ಏನಾಗುತ್ತದೆ? ಉಪ್ಪನ್ನು ನೀರಿಗೆ ಹಾಕಿ ಕಲಕಿದರೆ ಏನಾಗುತ್ತದೆ?

ಎಲ್ಲರೂ ಎರಡಕ್ಕೂ ಒಂದೇ ಉತ್ತರ ಬರೆದಿದ್ದರು: ಕರಗುತ್ತದೆ. ಸರಿಯೇ ತಾನೇ. ನಾನೂ ಎರಡಕ್ಕೂ ಸರಿ ಹಾಕಿದೆ. ಆರನೇ ತರಗತಿಯ ಹುಡುಗಿ ಮಾತ್ರ ಎರಡನೆಯದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: "ಉಪ್ಪು ನೀರಾಗುತ್ತದೆ." ಅದಕ್ಕೆ ತಪ್ಪು ಹಾಕಿದೆ. ಮಾರನೇ ದಿನ ಅವಳು ಎದ್ದು ನಿಂತಳು. "ಮೇಡಂ, ಮಂಜುಗಡ್ಡೆ ಕರಗಿದ್ರೆ ನೀರಾಗ್ತದೆ ಅಂದ್ರಿ. ಉಪ್ಪೂ ಕರಗಿದೆ ಅಂದ್ರಿ. ಮತ್ತೆ ಉಪ್ಪು ಯಾಕೆ ನೀರಾಗಲ್ಲ?"

ನನ್ನ ಹತ್ತಿರ ಉತ್ತರ ಇತ್ತು. ಆದರೆ ಅವಳ ಪ್ರಶ್ನೆಗೆ ಆಗುವ ಉತ್ತರ ಅದಾಗಿರಲಿಲ್ಲ. ಎಷ್ಟು ಮಕ್ಕಳು ಹಾಗೆ ಅಂದುಕೊಂಡಿದ್ದಾರೆ ಅಂತ ಕೈ ಎತ್ತಿಸಿದೆ. ಅರ್ಧಕ್ಕಿಂತ ಜಾಸ್ತಿ ಕೈ ಮೇಲೆ ಹೋದವು.

ಆಗ ಹೊಳೆಯಿತು. ನಮ್ಮ ಕನ್ನಡದಲ್ಲಿ ಬೆಣ್ಣೆಯೂ ಕರಗುತ್ತದೆ, ಮಂಜುಗಡ್ಡೆಯೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ, ಮೋಡವೂ ಕರಗುತ್ತದೆ. ಮನಸ್ಸು ಕೂಡ. ಒಂದು ವಸ್ತು ಕಾದು ದ್ರವವಾಗುವುದು ಬೇರೆ, ಒಂದು ವಸ್ತು ಇನ್ನೊಂದರಲ್ಲಿ ಬೆರೆತು ಕಾಣದಂತಾಗುವುದು ಬೇರೆ. ಮೊದಲನೆಯದು ಸ್ಥಿತಿಯ ಬದಲಾವಣೆ, ಎರಡನೆಯದು ಮಿಶ್ರಣ. ಎರಡಕ್ಕೂ ನಾವು ಆಡುವ ಮಾತು ಒಂದೇ. ಮಕ್ಕಳು ತಪ್ಪು ಯೋಚಿಸಿರಲಿಲ್ಲ. ಮಾತು ಎಳೆದ ದಾರಿಯಲ್ಲೇ ನೇರ ಹೋಗಿದ್ದರು.

ರುಚಿ ನೋಡಿದರೆ ಗೊತ್ತಾಗುತ್ತದೆ ಅಂದೆ. ನೀರು ಉಪ್ಪಾಗಿದೆ, ಅಂದರೆ ಉಪ್ಪು ಒಳಗಿದೆ. ಮಕ್ಕಳು ಜಗ್ಗಲಿಲ್ಲ. "ಉಪ್ಪೇ ನೀರಾಗಿದೆಯಲ್ಲ ಮೇಡಂ, ಅದಕ್ಕೇ ಉಪ್ಪುಪ್ಪು." ಅವರ ಲೆಕ್ಕದಲ್ಲೂ ರುಚಿ ಸರಿಯಾಗಿಯೇ ಹೊಂದುತ್ತಿತ್ತು.

ಮೊದಲು ಮಾಡಿದ ಎರಡು ಪ್ರಯತ್ನ

ಒಂದೇ ಪದದಿಂದ ಗೊಂದಲ ಆಗಿದ್ದರೆ ಎರಡು ಪದ ಕೊಟ್ಟರಾಯಿತು ಅಂತ ಹೊರಟೆ. ಮಂಜುಗಡ್ಡೆಗೆ ದ್ರವನ, ಉಪ್ಪಿಗೆ ವಿಲೀನ. ಜೊತೆಗೆ ಪುಸ್ತಕದಲ್ಲಿ ಬರುವ ದ್ರಾವ್ಯ (ಕರಗುವ ವಸ್ತು), ದ್ರಾವಕ (ಕರಗಿಸುವ ವಸ್ತು), ದ್ರಾವಣ (ಎರಡೂ ಬೆರೆತದ್ದು). ಎಲ್ಲವನ್ನೂ ಬೋರ್ಡಿನ ಮೇಲೆ ಚಂದಕ್ಕೆ ಬರೆದು, ಕೆಳಗೆ ಗೆರೆ ಎಳೆದು, ಮೂರು ಸಲ ಹೇಳಿಸಿದೆ.

ಎಫ್‌ಎ ಒಂದರ (ಮೊದಲ ರೂಪಣಾತ್ಮಕ ಪರೀಕ್ಷೆಯ) ಉತ್ತರ ಪತ್ರಿಕೆಗಳಲ್ಲಿ ಫಲ ಕಂಡಿತು. "ಉಪ್ಪು ದ್ರವನವಾಗಿ ದ್ರಾವಕವಾಯಿತು." "ದ್ರಾವ್ಯವು ದ್ರವದಲ್ಲಿ ದ್ರವಿಸಿ ದ್ರಾವಣ." ಕೊನೆಗಾರರ ಮಗ ಏನೂ ಬರೆದಿರಲಿಲ್ಲ. ಅವನೇ ಜಾಣ ಅನ್ನಿಸಿತು. ದ್ರವ, ದ್ರವ್ಯ, ದ್ರವನ, ದ್ರಾವ್ಯ, ದ್ರಾವಕ, ದ್ರಾವಣ. ಆರು ಪದವೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗಿವೆ. ಹನ್ನೆರಡು ವರ್ಷದ ಮಗುವಿಗೆ ಯಾರು ಯಾರು ಅಂತ ಹೇಗೆ ಗುರುತು ಸಿಗಬೇಕು? ಮೊದಲು ಒಂದು ಗೊಂದಲ ಇತ್ತು. ನಾನು ಅದನ್ನು ಆರು ಮಾಡಿಟ್ಟೆ.

ಎರಡನೆಯ ಪ್ರಯತ್ನ ಉಪ್ಪನ್ನು ವಾಪಸ್ ತೋರಿಸುವುದು. ಪುಸ್ತಕದ ಪ್ರಕಾರ ಉಪ್ಪು ನೀರನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ನೀರು ಆರಿ ಉಪ್ಪು ಉಳಿಯುತ್ತದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಬಿಸಿಲು! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಬೀಳುವುದು ಜೂನ್‌ನಿಂದ ಆಗಸ್ಟ್ ಒಳಗೆ. ನಮ್ಮೂರಲ್ಲಿ ಅಷ್ಟಿಲ್ಲ, ಆದರೂ ಬಟ್ಟೆ ಒಣಗಿಸಲು ಒಲೆಯೇ ಬೇಕು. ಅದೆಲ್ಲ ಗೊತ್ತಿದ್ದೂ, ಗಾಳಿಗಾದರೂ ಆರಬಹುದು ಅಂತ ತಟ್ಟೆಯನ್ನು ಜಗುಲಿಯ ಒಳಗೋಡೆ ಪಕ್ಕ ಇಟ್ಟೆ. ಇನ್ನೊಂದು ತಟ್ಟೆಯಲ್ಲಿ ಹೋಲಿಕೆಗೆ ಅಂತ ಬರೀ ಕಲ್ಲುಪ್ಪು ಇಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಮರುದಿನದಿಂದ ಮಳೆ ರಜೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಉಪ್ಪು ನೀರು ಹಾಗೇ ಇದೆ. ಪಕ್ಕದ ತಟ್ಟೆಯ ಕಲ್ಲುಪ್ಪು ಮಾತ್ರ ಅರ್ಧ ನೀರಾಗಿ, ತಟ್ಟೆ ತುಂಬ ಹರಿದಿದೆ.

"ನೋಡಿ ಮೇಡಂ," ಆರನೇ ತರಗತಿಯ ಹುಡುಗಿ ಅಂದಳು. "ಉಪ್ಪು ನೀರಾಯ್ತು."

ನಾನೇ ಸಾಕ್ಷಿ ತಯಾರು ಮಾಡಿ ಅವಳ ಕೈಗೆ ಕೊಟ್ಟಿದ್ದೆ.

ಅಡುಗೆಮನೆಗೆ ಹೋದದ್ದು

ಬಿಸಿಯೂಟದ ಅಡುಗೆ ಮಾಡುವ ಅಕ್ಕ ಜಗುಲಿಯ ಗಲಾಟೆ ಕೇಳಿ ಬಂದರು. ತಟ್ಟೆ ನೋಡಿ ನಕ್ಕರು. "ಮಳೆಗಾಲದಲ್ಲಿ ಉಪ್ಪು ಹೊರಗಿಟ್ರೆ ಮತ್ತೆ ಎಂತ ಆಗ್ತದೆ ಮೇಡಂ? ನಾವು ಭರಣಿ ಒಲೆ ಹತ್ರ ಇಡ್ತೇವೆ." ಮಕ್ಕಳೆಲ್ಲ ಹೌದು ಹೌದು ಅಂದರು. ಎಲ್ಲರ ಮನೆಯಲ್ಲೂ ಹಾಗೇ.

ನಾನು ಕೇಳಿದೆ: ಒಲೆ ಹತ್ತಿರ ಇಟ್ಟ ಉಪ್ಪು ಯಾಕೆ ನೀರಾಗಲ್ಲ? ಉಪ್ಪು ತಾನಾಗಿ ನೀರಾಗುವುದಾದರೆ ಬಿಸಿ ಹತ್ತಿರ ಇನ್ನೂ ಬೇಗ ಆಗಬೇಕಿತ್ತು ಅಲ್ವಾ? ಬೆಣ್ಣೆ ಹಾಗೆ ತಾನೇ ಆಗುವುದು?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಕೇಳಿದ ಒಳ್ಳೆಯ ಪ್ರಶ್ನೆ ಅಂದರೆ ಇದೊಂದೇ. ಅದೂ ಅಕ್ಕನ ಭರಣಿಯಿಂದ ಬಂದದ್ದು. ಗಾಳಿಯಲ್ಲಿ ಪಸೆ ಶೇಕಡಾ 75 ದಾಟಿದರೆ ಉಪ್ಪು ಅದನ್ನು ಎಳೆದುಕೊಂಡು ಅದರಲ್ಲೇ ಕರಗತೊಡಗುತ್ತದೆ. ನಮ್ಮ ಮಳೆಗಾಲದ ಗಾಳಿ ಅದನ್ನು ದಿನವೂ ದಾಟುತ್ತದೆ. ಒಲೆ ಪಕ್ಕದ ಬೆಚ್ಚಗಿನ ಗಾಳಿಯಲ್ಲಿ ಆ ಮಟ್ಟ ಇರುವುದಿಲ್ಲ. ಈ ವಿವರವನ್ನು ನಾನು ಅವತ್ತು ಹೇಳಲಿಲ್ಲ. ಪ್ರಶ್ನೆಯನ್ನು ಅಲ್ಲೇ ಬಿಟ್ಟು ಎಲ್ಲರನ್ನೂ ಅಡುಗೆಮನೆಗೆ ಕರೆದುಕೊಂಡು ಹೋದೆ.

ಎರಡು ಸೌಟು. ಒಂದರಲ್ಲಿ ಬೆಣ್ಣೆ, ಒಂದರಲ್ಲಿ ಕಲ್ಲುಪ್ಪು. ಮಕ್ಕಳನ್ನು ದೂರ ನಿಲ್ಲಿಸಿ ಅಕ್ಕನೇ ಗ್ಯಾಸಿನ ಮೇಲೆ ಹಿಡಿದರು. ಬೆಣ್ಣೆ ಕ್ಷಣದಲ್ಲಿ ಕರಗಿತು. ಉಪ್ಪು ಚಟಪಟ ಅಂತ ಸಿಡಿಯಿತು, ಸೌಟು ಕಾದು ಹಿಡಿಯಲಾರದಷ್ಟಾಯಿತು, ಉಪ್ಪು ಉಪ್ಪಾಗಿಯೇ ಇತ್ತು. ಅದು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮ ಸೌಟಿನೊಳಗಿನ ಉಪ್ಪು ಅಷ್ಟು ಕಾಯುವುದಿಲ್ಲ. ಆಮೇಲೆ ಎರಡು ಲೋಟ ನೀರು. ಒಂದಕ್ಕೆ ಉಪ್ಪು, ಒಂದಕ್ಕೆ ಬೆಣ್ಣೆ. ಉಪ್ಪು ಕರಗಿತು. ಬೆಣ್ಣೆ ಎಷ್ಟು ಕಲಕಿದರೂ ತೇಲುತ್ತಲೇ ಇತ್ತು.

ಆಗ ಯಾರೋ ಒಬ್ಬ ಹೇಳಿದ, ಯಾರು ಅಂತ ನೆನಪಿಲ್ಲ: "ಬೆಣ್ಣೆ ಬಿಸಿಗೆ ಕರಗ್ತದೆ, ನೀರಲ್ಲಿ ಕರಗಲ್ಲ. ಉಪ್ಪು ನೀರಲ್ಲಿ ಕರಗ್ತದೆ, ಬಿಸಿಗೆ ಕರಗಲ್ಲ."

ಬಿಸಿಗೆ, ನೀರಲ್ಲಿ. ನಾನು ಆರು ಸಂಸ್ಕೃತ ಪದ ತಂದು ಒದ್ದಾಡಿದ್ದನ್ನು ಎರಡು ವಿಭಕ್ತಿ ಪ್ರತ್ಯಯ ಬಿಡಿಸಿಟ್ಟಿತ್ತು. ಕ್ರಿಯಾಪದ ಒಂದೇ ಆದರೂ ಪಕ್ಕದ ಪದ ಬೇರೆ. ಇದು ಕನ್ನಡದಲ್ಲಿ ಮೊದಲಿಂದ ಇದ್ದದ್ದೇ. ಮನೆಯಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ. ಪರೀಕ್ಷೆಯಲ್ಲಿ ಮಾತ್ರ "ಕರಗುತ್ತದೆ" ಅಂತ ಮೊಟಕಾಗಿ ಬರೆದು ಬಿಡುತ್ತೇವೆ, ನಾವೂ ಅದಕ್ಕೆ ಅಂಕ ಕೊಡುತ್ತೇವೆ. ಅವತ್ತಿನಿಂದ ತರಗತಿಯಲ್ಲಿ ಒಂದು ನಿಯಮ: ಬರೀ "ಕರಗಿತು" ಅಂದರೆ ಉತ್ತರ ಪೂರ್ತಿ ಆಗಲಿಲ್ಲ. ಯಾವುದಕ್ಕೆ ಅಥವಾ ಯಾವುದರಲ್ಲಿ ಕರಗಿತು ಅಂತ ಹೇಳಬೇಕು.

ನನ್ನ ಖುಷಿ ಎರಡು ದಿನ ಇತ್ತು. ಮೂರನೆಯ ದಿನ ಅದೇ ಹುಡುಗಿ: "ಶರಬತ್ತಿನ ಲೋಟಕ್ಕೆ ಐಸ್ ಹಾಕಿದ್ರೆ ನೀರಲ್ಲಿ ಕರಗ್ತದಲ್ಲ ಮೇಡಂ. ಅದು ಯಾವುದು?" ಪ್ರತ್ಯಯದ ಸೂತ್ರ ಅಲ್ಲಿಗೆ ಬಿದ್ದಿತು. ಈ ಸಲ ನಾನು ಉತ್ತರ ಕೊಡಲು ಹೋಗಲಿಲ್ಲ. ಒಂದು ಪೀರಿಯಡ್ ಪೂರ್ತಿ ಜಗಳ ನಡೆಯಿತು. ಕೊನೆಗೆ ಒಂದು ಪರೀಕ್ಷೆ ಅವರೇ ಕಟ್ಟಿಕೊಂಡರು: ನೀರು ಇಲ್ಲದಿದ್ದರೂ ಕರಗುತ್ತಿತ್ತಾ? ಐಸ್ ಬರಿಯ ತಟ್ಟೆಯಲ್ಲೂ ಕರಗುತ್ತದೆ. ಹಾಗಾದರೆ ಅದು ಬಿಸಿಗೆ ಕರಗಿದ್ದು, ನೀರು ಸುಮ್ನೆ ಜೊತೆಗಿತ್ತು. ಬೆಲ್ಲದ ಪಾಕ ಎರಡರಲ್ಲಿ ಯಾವುದು ಅನ್ನುವುದು ಮಾತ್ರ ಇವತ್ತಿಗೂ ತೀರ್ಮಾನ ಆಗಿಲ್ಲ.

ತಕ್ಕಡಿ

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ನೀರಲ್ಲಿ ಕರಗಿದ ಉಪ್ಪು ಉಪ್ಪಾಗಿಯೇ ಇದೆಯಾ, ನೀರಾಯಿತಾ?

ಊರಿನ ಕಿರಾಣಿ ಅಂಗಡಿಯವರು ಒಂದು ಮಧ್ಯಾಹ್ನಕ್ಕೆ ಡಿಜಿಟಲ್ ತಕ್ಕಡಿ ಕೊಟ್ಟರು. 200 ಗ್ರಾಂ ನೀರು, 50 ಗ್ರಾಂ ಉಪ್ಪು. ಪೂರ್ತಿ ಕರಗಿದ ಮೇಲೆ ತೂಕ ಎಷ್ಟಿರಬಹುದು ಅಂತ ಮೊದಲೇ ಬರೆಸಿದೆ. ಹಲವರು 200 ಬರೆದರು, ಒಂದಿಬ್ಬರು 220. ತಕ್ಕಡಿ 250 ತೋರಿಸಿತು. ಕರಗಿದರೆ ತೂಕ ಹೋಗುತ್ತದೆ ಅನ್ನುವ ನಂಬಿಕೆ ಅಲ್ಲಿ ಮುರಿಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ. ಈ ಪ್ರಯೋಗ ಮಾಡಿ ಎಲ್ಲ ಮುಗಿಯಿತು ಅಂತ ಮುಂದೆ ಹೋಗುವವರು ಬಹಳ. ನಾನೂ ಹಿಂದೆ ಹಾಗೇ ಹೋಗಿದ್ದೆ. ಉಪ್ಪು ನಿಜವಾಗಿ ನೀರಾಗಿದ್ದರೂ ತೂಕ 250 ಗ್ರಾಮೇ ಬರುತ್ತಿತ್ತು ತಾನೇ? ತಕ್ಕಡಿ ಉತ್ತರಿಸಿದ್ದು ಬೇರೆ ಪ್ರಶ್ನೆಗೆ.

ಹಾಗಾಗಿ ಕುದಿಸಲೇಬೇಕಾಯಿತು. ಎರಡು ಹಳೆಯ ಪಾತ್ರೆ. ಒಂದರಲ್ಲಿ ಆ 250 ಗ್ರಾಂ ಉಪ್ಪು ನೀರು, ಇನ್ನೊಂದರಲ್ಲಿ 250 ಗ್ರಾಂ ಬರೀ ಬಾವಿ ನೀರು. ಬರೀ ನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್ ಹಿಡಿದಿದ್ದ ಹುಡುಗ 98ಕ್ಕೆ ನಿಂತಿದೆ, ಮೇಲೆ ಹೋಗ್ತಿಲ್ಲ ಅಂದ. ಹಿಂದೆಲ್ಲ ಮಕ್ಕಳು 98 ಅಂದಾಗ "ಥರ್ಮಾಮೀಟರ್ ಹಳೆಯದು, 100 ಅಂತ ಬರ್ಕೊಳ್ಳಿ" ಅಂದಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 98ಕ್ಕೇ ಕುದಿಯುತ್ತದೆ. ಸರಿಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ. ಥರ್ಮಾಮೀಟರ್ ಸರಿಯಾಗಿಯೇ ಇತ್ತು. ಇಷ್ಟು ವರ್ಷ ಸುಳ್ಳು ಬರೆಸಿದ್ದು ನಾನು.

ಬರೀ ನೀರು ಬತ್ತಿ ಹೋದ ಮೇಲೆ ಪಾತ್ರೆಯ ತಳದಲ್ಲಿ ತೆಳ್ಳಗೆ ಬಿಳಿ ಪೊರೆ ಬಿಟ್ಟರೆ ಏನೂ ಇರಲಿಲ್ಲ. ಬಾವಿ ನೀರಿನಲ್ಲೂ ಏನೋ ಕರಗಿರುತ್ತದೆ ಅನ್ನುವ ಮಾತು ಆಗ ಬಂತು. ಇನ್ನೊಂದರಲ್ಲಿ ಉಪ್ಪು ಉಳಿಯಿತು. ತೂಗಿದರೆ 46 ಗ್ರಾಂ. ನಾಲ್ಕು ಗ್ರಾಂ ಎಲ್ಲಿ? ಕೊನೆಯಲ್ಲಿ ಉರಿ ಸಣ್ಣ ಮಾಡಿದ್ದರೂ ಉಪ್ಪು ಸಿಡಿದಿತ್ತು. ಒಲೆಯ ಸುತ್ತ, ಗೋಡೆಯ ಮೇಲೆ ಬಿಳಿ ಚುಕ್ಕೆ. ಮಕ್ಕಳೇ ಹುಡುಕಿದರು. ನಾನು ಲೆಕ್ಕ ಸರಿ ಬರಲಿ ಅಂತ 50 ಅಂದುಬಿಟ್ಟಿದ್ದರೆ ಆ ಹುಡುಕಾಟ ನಡೆಯುತ್ತಿರಲಿಲ್ಲ.

ಆದರೂ ಹುಡುಗಿಗೆ ಒಂದು ಅನುಮಾನ. "ನೀರು ಐಸ್ ಆಗೋ ಹಾಗೆ, ಈ ನೀರು ತಿರುಗಿ ಉಪ್ಪಾಯ್ತು ಅನ್ಬಹುದಲ್ಲ?" ಅದಕ್ಕೆ ಉತ್ತರ ಕೊಟ್ಟದ್ದು ಕೊನೆಗಾರರ ಮಗ. ಅವನು ತರಗತಿಯಲ್ಲಿ ತಾನಾಗಿ ಮಾತಾಡಿದ್ದು ಅದೇ ಮೊದಲು. "250 ನೀರು ಉಪ್ಪಾಗೋದಾದ್ರೆ 250 ಉಪ್ಪು ಬರ್ಬೇಕಿತ್ತು. ಹಾಕಿದಷ್ಟೇ ಬಂದದ್ದು." ಮಾರನೇ ದಿನ ಅವಳು ಮನೆಯಲ್ಲಿ ಎರಡು ಚಮಚ, ನಾಲ್ಕು ಚಮಚ ಉಪ್ಪು ಹಾಕಿ ಬತ್ತಿಸಿ ನೋಡಿ ಬಂದಳು. ಎರಡು ಹಾಕಿದ್ದಕ್ಕಿಂತ ನಾಲ್ಕು ಹಾಕಿದ್ದರಲ್ಲಿ ದುಪ್ಪಟ್ಟು ಇತ್ತಂತೆ. ಆಮೇಲೆ ಒಪ್ಪಿದಳು.

ಬೋರ್ಡೋ

ಆಗಸ್ಟ್ ಬಂತು. ನಮ್ಮ ಕಡೆ ಅಡಿಕೆಗೆ ಎರಡನೇ ಸಲ ಬೋರ್ಡೋ ಅನ್ನುವ ಔಷಧಿ ಹೊಡೆಯುವ ಹೊತ್ತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ. ಇಲ್ಲದಿದ್ದರೆ ಕಾಯಿ ಕೊಳೆತು ಉದುರುವ ಕೊಳೆರೋಗ. ಪಾಠ ಸಂಯುಕ್ತಕ್ಕೆ, ಅಂದರೆ ವಸ್ತುಗಳು ಸೇರಿ ಹೊಸದೇ ಒಂದು ವಸ್ತು ಆಗುವುದಕ್ಕೆ, ಬಂದಿತ್ತು. ಕಬ್ಬಿಣದ ಪುಡಿ, ಗಂಧಕ ತರಿಸಿ ಕಾಯಿಸುವ ಪ್ರಯೋಗ ಯೋಚಿಸಿದ್ದೆ. ಹೊಗೆ, ವಾಸನೆ, ಕಿಟಕಿ ತೆರೆದರೆ ಇರಚಲು. ಬೇಡ ಅನ್ನಿಸಿತು.

ಕೊನೆಗಾರರ ಮಗ ಎರಡು ದಿನ ಶಾಲೆಗೆ ಬಂದಿರಲಿಲ್ಲ. ಅಪ್ಪನ ಜೊತೆ ಔಷಧಿ ಕಲಸಲು ಹೋಗಿದ್ದನಂತೆ. ಬಂದವನ ಅಂಗಿ ತುಂಬ ತಿಳಿನೀಲಿ ಕಲೆ. ಬೈಯಲು ಹೊರಟವಳು ಆ ಕಲೆ ನೋಡಿ ನಿಂತೆ. ಅವನನ್ನೇ ಕೇಳಿದೆ, ಔಷಧಿ ಹೇಗೆ ಮಾಡುತ್ತೀರಿ?

ಲೆಕ್ಕ ಬಾಯಲ್ಲೇ ಇತ್ತು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು. ಕಬ್ಬಿಣದ ಡ್ರಮ್ ಆಗಲ್ಲ, ಪ್ಲಾಸ್ಟಿಕ್ಕೇ ಬೇಕು. ಸೇರಿಸಿದ ಮೇಲೆ ಕತ್ತಿ ಅದ್ದಿ ನೋಡಬೇಕು. ಕತ್ತಿ ಕೆಂಪಾದರೆ ಸುಣ್ಣ ಸಾಲದು.

"ಕತ್ತಿ ಯಾಕೆ ಕೆಂಪಾಗ್ತದೆ?"

"ಜಾಸ್ತಿ ಆದ ಔಷಧಿನ ಕತ್ತಿ ಕುಡಿತದೆ."

ತಪ್ಪು ಉತ್ತರ. ನನ್ನ ನಾಲಿಗೆ ತುದಿಯಲ್ಲಿ ತಾಮ್ರದ ಸಲ್ಫೇಟು, ಕಬ್ಬಿಣ, ಸ್ಥಾನಪಲ್ಲಟ ಎಲ್ಲ ಬಂದು ನಿಂತಿತ್ತು. ಜುಲೈ ತಿಂಗಳ ಆರು ಪದ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮರುದಿನ 10 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿಗೆ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ಗೆ. ಕೈಗವಸು ಹಾಕಿ ಮುಟ್ಟಿದ್ದು ನಾನೊಬ್ಬಳೇ. ಮೈಲುತುತ್ತ ವಿಷ, ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ಕೆಲಸ ನೋಡುವುದು, ಹೇಳುವುದು, ಬರೆಯುವುದು. ಮೈಲುತುತ್ತದ ನೀರು ಕಡುನೀಲಿ, ಬಟ್ಟೆಯಲ್ಲಿ ಸೋಸಿದರೂ ಅದೇ ನೀಲಿ. ನೀರಲ್ಲಿ ಕರಗಿದೆ ಅಂತ ಎಲ್ಲರೂ ಒಪ್ಪಿದರು. ಸುಣ್ಣ ಹಾಲಿನ ಹಾಗೆ ಕದಡಿತ್ತು.

ಎರಡನ್ನೂ ಸೇರಿಸಿದಾಗ ಬಣ್ಣ ಬದಲಾಗಿ ತಿಳಿ ಆಕಾಶನೀಲಿಯ ದಪ್ಪ ನೀರಾಯಿತು. ನೀಲಿಗೆ ಬಿಳಿ ಸೇರಿದರೆ ತಿಳಿನೀಲಿ ಆಗುತ್ತದೆ, ಇದರಲ್ಲೇನು ಹೊಸದು ಅಂತ ಆರನೇ ತರಗತಿಯವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಬಣ್ಣದ ಡಬ್ಬಿಯಲ್ಲಿ ಹಾಗೇ ಆಗುವುದು. ಬಾಟಲಿಯನ್ನು ಅಲ್ಲಾಡಿಸದೆ ಕಿಟಕಿ ಮೇಲೆ ಇಟ್ಟೆವು. ಊಟ ಮುಗಿಸಿ ಬರುವಷ್ಟರಲ್ಲಿ ನೀಲಿ ಸ್ವಲ್ಪ ಕೆಳಗಿಳಿದು ಮೇಲೆ ತಿಳಿನೀರು ಕಾಣುತ್ತಿತ್ತು. ಮಾರನೇ ದಿನ ಇನ್ನೂ ಚೆನ್ನಾಗಿ. ಮೇಲಿನ ನೀರಿನಲ್ಲಿ ಒಂದು ಚೂರೂ ನೀಲಿ ಇರಲಿಲ್ಲ.

ಕೊನೆಗಾರರ ಮಗ ಬಾಟಲಿಯನ್ನೇ ನೋಡುತ್ತಿದ್ದ. "ಮೇಡಂ, ಮೈಲುತುತ್ತ ಕರಗಿತ್ತಲ್ಲ. ಕರಗಿದ್ದು ಅಡಿಗೆ ಕೂರಲ್ಲ ಅಂದಿದ್ರಿ. ಇದು ಕೂತಿದೆ. ಮತ್ತೆ ಇದಕ್ಕೆ ಬೋರ್ಡೋ ದ್ರಾವಣ ಅಂತ ಯಾಕೆ ಅಂತಾರೆ?"

ಪ್ಯಾಕೆಟ್ ಮೇಲೆ ಬೋರ್ಡೋ ಮಿಶ್ರಣ, ಊರ ಬಾಯಲ್ಲಿ ಬೋರ್ಡೋ ದ್ರಾವಣ. ದ್ರಾವಣ ಅನ್ನುವ ಹೆಸರು ಅದರ ಗುಣಕ್ಕೆ ಹೊಂದುವುದಿಲ್ಲ. ನೀರಲ್ಲಿ ಕರಗಿದ್ದ ತಾಮ್ರದ ಸಲ್ಫೇಟು ಸುಣ್ಣದ ಜೊತೆ ಸೇರಿ ತಾಮ್ರದ ಹೈಡ್ರಾಕ್ಸೈಡಿನಂತಹ, ನೀರಲ್ಲಿ ಕರಗದ ಹೊಸ ಸಂಯುಕ್ತ ಆಗಿದೆ. ಅದು ನೀರಿನಲ್ಲಿ ತೇಲುವ ಕೆಸರಿನ ಹಾಗಿದೆ ಅಷ್ಟೆ. ಇದನ್ನು ಹೇಳಲು ಅವನ ಪ್ರಶ್ನೆಗಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ. ಕರಗದೇ ಇರುವುದೇ ಅದರ ಉಪಯೋಗ ಅಂತಲೂ ಅವನೇ ಸೇರಿಸಿದ. ಕರಗುವಂತಿದ್ದರೆ ಮೊದಲ ಮಳೆಗೇ ಗೊನೆಯಿಂದ ತೊಳೆದು ಹೋಗುತ್ತಿತ್ತು.

ಸುಣ್ಣ ಕಡಿಮೆ ಹಾಕಿದ ಇನ್ನೊಂದು ಬಾಟಲಿಯಲ್ಲಿ ಮೊಳೆ ಅದ್ದಿದಾಗ ಅದಕ್ಕೆ ಕೆಂಪು ಲೇಪ ಹತ್ತಿತು. ಸರಿಯಾಗಿ ಹಾಕಿದ್ದರಲ್ಲಿ ಮೊಳೆ ಹಾಗೇ ಇತ್ತು. ಕತ್ತಿ ಏನೂ ಕುಡಿಯುವುದಿಲ್ಲ, ಸುಣ್ಣ ಸಿಗದೆ ಉಳಿದ ತಾಮ್ರ ಮೊಳೆಯ ಮೇಲೆ ಕೂರುತ್ತದೆ ಅಂದೆ. "ಹಾಗಾದ್ರೆ ಕತ್ತಿ ಮೇಲಿನ ಕೆಂಪು ತಾಮ್ರನಾ?" ಅಂತ ಕೇಳಿ ಅವನು ಮೊಳೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

ಅವತ್ತು ಕಥೆಯೂ ಆಯಿತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯಬಾರದು ಅಂತ ಬಳಿದಿದ್ದ ನೀಲಿಯನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದ್ದು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದದ್ದು. ಅದಕ್ಕೂ ಮುಂಚೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟುವುದೊಂದೇ ದಾರಿಯಾಗಿತ್ತು. ಕೊಟ್ಟೆ ಕಟ್ಟುತ್ತಿದ್ದ ಅಜ್ಜಂದಿರ ಕಥೆ ಅರ್ಧ ತರಗತಿಗೆ ಗೊತ್ತಿತ್ತು. ಉಳಿದ ಬೋರ್ಡೋವನ್ನು ಹಳ್ಳಕ್ಕೆ ಚೆಲ್ಲಲಿಲ್ಲ, ಮೀನಿಗೆ ವಿಷ. ಒಂದು ಮಗುವಿನ ಅಪ್ಪ ತೋಟಕ್ಕೆ ತೆಗೆದುಕೊಂಡು ಹೋದರು.

ಏನಾಯಿತು, ಏನು ಉಳಿಯಿತು

ಉಪ್ಪು ವಾಪಸ್ ಸಿಕ್ಕಿತು, ಮೈಲುತುತ್ತ ಸಿಗಲಿಲ್ಲ. ಅಡಿಗೆ ಕೂತಿದ್ದನ್ನು ಒಣಗಿಸಿದರೆ ಮಂಕು ನೀಲಿ ಪುಡಿ ಬಂತೇ ಹೊರತು ನೀಲಿ ಹರಳು ಬರಲಿಲ್ಲ, ಆ ಪುಡಿ ನೀರಲ್ಲೂ ಕರಗಲಿಲ್ಲ. ಮಕ್ಕಳು ಇದನ್ನೇ ಸೂತ್ರ ಮಾಡಿಕೊಂಡರು: ವಾಪಸ್ ಸಿಕ್ಕರೆ ಮಿಶ್ರಣ, ಸಿಗದಿದ್ದರೆ ಸಂಯುಕ್ತ. ನಾನು ಅದನ್ನು ಬೇಗ ಒಪ್ಪಿಬಿಟ್ಟೆ. ಒಂದೇ ವಾರದಲ್ಲಿ ಆರನೇ ತರಗತಿಯ ಹುಡುಗಿ ಆರತಿ ನೀರು ತಂದಳು. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪು. ನಿಂಬೆ ಹಿಂಡಿದರೆ ಮತ್ತೆ ಹಳದಿ. ವಾಪಸ್ ಬಂತಲ್ಲ ಮೇಡಂ? ನಾಳೆ ಹೇಳ್ತೇನೆ ಅಂದೆ. ಮರುದಿನ ಹೇಳಿದ್ದು ಇಷ್ಟು: ಅಲ್ಲಿ ಹಾಕಿದ ಸುಣ್ಣವನ್ನು ನಾವು ಬೇರೆ ತೆಗೆದಿಲ್ಲ, ನಿಂಬೆಯ ಹುಳಿ ಹಾಕಿ ಸುಣ್ಣದ ಖಾರ ಮುರಿದಿದ್ದೇವೆ. ಆರಿಸುವುದು, ಸೋಸುವುದು, ಬಸಿಯುವುದು, ಬತ್ತಿಸುವುದು ಒಂದು ಬಗೆ. ಇನ್ನೊಂದು ವಸ್ತು ಹಾಕಿ ತಿರುಗಿಸುವುದು ಬೇರೆ ಬಗೆ. ಅವಳು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೂರು ಮಕ್ಕಳು ಆಗಲೂ ಉಪ್ಪು ನೀರಾಗುತ್ತದೆ ಅಂತಲೇ ಬರೆದರು. ಆ ಮೂವರೂ ಕುದಿಸಿದ ದಿನ ಗೈರುಹಾಜರು. ಉಳಿದವರು ಹೇಳಿದ್ದನ್ನು ಕೇಳಿ ಅವರಿಗೆ ನಂಬಿಕೆ ಬಂದಿರಲಿಲ್ಲ. ದ್ರಾವಣಕ್ಕೆ ಉದಾಹರಣೆ ಕೇಳಿದ ಕಡೆ ಕೊನೆಗಾರರ ಮಗ ಬರೆದದ್ದು: "ಉಪ್ಪು ನೀರು. ಬೋರ್ಡೋ ದ್ರಾವಣ ದ್ರಾವಣ ಅಲ್ಲ." ನಾನು ಪೂರ್ತಿ ಅಂಕ ಕೊಟ್ಟೆ. ಪತ್ರಿಕೆ ತಿರುಗಿ ನೋಡಿದ ಇನ್ನೊಬ್ಬ ಶಿಕ್ಷಕರು ಎರಡನೆಯ ವಾಕ್ಯ ಅನಗತ್ಯ ಅಂದರು. ನಾವಿಬ್ಬರೂ ಬಸ್ ಬರುವವರೆಗೆ ಅದರ ಬಗ್ಗೆಯೇ ವಾದ ಮಾಡಿದೆವು.

ಮತ್ತೆ ಈ ಪಾಠ ಮಾಡುವವರು ಕೇಳಿದರೆ ನಾನು ಹೇಳುವುದು ಎರಡು ಮೂರು ಮಾತು. ಪಾರಿಭಾಷಿಕ ಪದ ಬೇಕೇ ಬೇಕು, ಪರೀಕ್ಷೆಯೂ ಇದೆ. ಆದರೆ ಅದು ಬರಬೇಕಾದ್ದು ಮಗುವಿನ ಕೈಯಲ್ಲಿ ಆಗಲೇ ಎರಡು ಬೇರೆ ಬೇರೆ ಅನುಭವ ಇದ್ದು, ಎರಡಕ್ಕೂ ಹೆಸರು ಬೇಕಾದಾಗ. ನಾನು ದ್ರವನ, ವಿಲೀನ ಪದಗಳನ್ನು ಸೆಪ್ಟೆಂಬರ್‌ನಲ್ಲಿ ಮತ್ತೆ ಬೋರ್ಡಿನ ಮೇಲೆ ಬರೆದಾಗ ಮಕ್ಕಳು ತಾವೇ "ಬಿಸಿಗೆ", "ನೀರಲ್ಲಿ" ಅಂತ ಪಕ್ಕದಲ್ಲಿ ಬರೆದುಕೊಂಡರು. ಇನ್ನೊಂದು, ಪ್ರತಿ ಪ್ರಯೋಗಕ್ಕೂ ಮುಂಚೆ ಕೇಳಿಕೊಳ್ಳಿ: ಮಗು ಅಂದುಕೊಂಡದ್ದು ನಿಜವಾಗಿದ್ದರೂ ಫಲ ಹೀಗೇ ಬರುತ್ತಿತ್ತಾ? ರುಚಿಯೂ ತಕ್ಕಡಿಯೂ ನನಗೆ ಕೈಕೊಟ್ಟದ್ದು ಅಲ್ಲಿ. ಮತ್ತೆ ಕ್ಯಾಲೆಂಡರ್. ಉಪ್ಪು ಒಣಗಿಸುವ ಪ್ರಯೋಗವನ್ನು ಈ ವರ್ಷ ಡಿಸೆಂಬರ್‌ಗೆ ಹಾಕಿದ್ದೇನೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ತಾನಾಗಿ ಗಟ್ಟಿಯಾಗುವುದೂ ಆಗಲೇ.

ನವೆಂಬರ್‌ನಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ಮಕ್ಕಳ ಬೆರಳೆಲ್ಲ ಸುಲಿದ ಅಡಿಕೆಯ ಕಲೆಗೆ ಕಪ್ಪು. ಹಂಡೆಯಲ್ಲಿ ಅಡಿಕೆ ಬೇಯಿಸಿದ ಕೆಂಪು ಚೊಗರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಕೊನೆಗಾರರ ಮಗ ಬಂದ. ಅದರೊಳಗೆ ಒಂದು ಮೊಳೆ ಹಾಕಿದ್ದ. ಮೊಳೆಯ ಸುತ್ತ ಚೊಗರು ಮಸಿಯ ಹಾಗೆ ಕಪ್ಪಾಗಿತ್ತು.

"ಇದು ಸೇರಿದ್ದಾ ಮೇಡಂ, ಆಗಿದ್ದಾ?"

ಮೇಜಿನ ಮೇಲಿಡು, ಮೊದಲು ಸೋಸಿ ನೋಡೋಣ ಅಂದೆ.